ಗೋವಾದ ಮುದುಕರ ಊರು, ನಮ್ಮ ಮುದುಕರ ಊರು

ನಾನು ಮುಲ್ಕಿ ಪಾಸಾಗಿ ಸಾಲಿ ಬಿಟ್ಟವ. ಹೊಲ ಮಾಡುವುದು, ಹಂತಿಪದ, ಭಜನಾಪದ ಹಾಡುವುದು, ಇಷ್ಟೇ ನನಗೆ ಗೊತ್ತು. ಪುಸ್ತಕಕ್ಕೆ ಒಂದು ಲೇಖನ ಕೊಡ್ರಿ ಅಂತ ವಾಚನಾಲಯದ ಹುಡುಗರು ಬಂದಾಗ, "ನನಗ್ಯಾಕೋ ತಮ್ಮಾ, ಪದ ಹಾಡು ಅಂದ್ರ ಹಾಡ್ತೀನಿ" ಅಂದೆ. ಆದರೆ ಗೋವಾಕ್ಕೆ ಹೋಗಿ ಬಂದಾಗಿನಿಂದ ಒಂದು ಮಾತು ಎದೆಯೊಳಗೆ ಮುಳ್ಳಾಗಿ ಕೂತಿದೆ. ಹಾಡಿನಲ್ಲಿ ಹೇಳಿದರೆ ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮಾತು ಇಷ್ಟು. ಗೋವಾದಲ್ಲಿ ಈಗ ಮುದುಕರಿಗಾಗಿ ಊರು ಕಟ್ಟಿ ಮಾರುತ್ತಿದ್ದಾರೆ. ಅದಕ್ಕೆ ಇಟ್ಟಂಗಿ ಹೊರುವವರು ನಮ್ಮ ಗಂಡುಮಕ್ಕಳು. ಕಟ್ಟಿದ ಮೇಲೆ ಅಲ್ಲಿಯ ಮುದುಕರನ್ನು ಎತ್ತಿ ಕೂಡಿಸುವವರು ನಮ್ಮ ಹೆಣ್ಣುಮಕ್ಕಳು. ಅದರಿಂದ ಇಲ್ಲಿ ಇನ್ನೊಂದು ಮುದುಕರ ಊರು ತಾನೇ ಹುಟ್ಟಿಕೊಂಡಿದೆ. ಅದು ನಮ್ಮೂರು. ಇದಕ್ಕೆ ಜಾಹೀರಾತು ಇಲ್ಲ, ನರ್ಸ್ ಇಲ್ಲ, ಹೇಳೋರು ಕೇಳೋರು ಇಲ್ಲ.

ಗೋವಾ ನನಗೆ ಹೊಸದಲ್ಲ. ಪೋರ್ತುಗೀಜರು ಗೋವಾ ಬಿಟ್ಟ 1961ರಲ್ಲೇ ನಾನು ಹುಟ್ಟಿದ್ದು. ಗೋವಾ ರಾಜ್ಯವಾದ 1987ರಲ್ಲಿ ಇಲ್ಲಿ ಬರ ಬಿತ್ತು. ನಾನೂ ನಮ್ಮಣ್ಣನೂ ಅಣಮೋಡ ಘಾಟ ಇಳಿದು ದುಡಿಯಾಕ ಹೋದೆವು. ವಾಸ್ಕೋದ ಬೈನಾದಲ್ಲಿ ತಗಡಿನ ಜೋಪಡಿ. ಎರಡು ಬ್ಯಾಸಗಿ ಉಸುಕು ಹೊತ್ತೆವು. ವಿಜಾಪುರ, ಬಾಗಲಕೋಟಿ, ಗದಗ, ಕೊಪ್ಪಳದ ಕಡೆಯವರೇ ಸುತ್ತಮುತ್ತ. ಅಲ್ಲಿಯವರು ನಮಗೆ 'ಘಾಟಿ' ಅನ್ನುತ್ತಿದ್ದರು, ಘಟ್ಟದ ಮೇಲಿನವರು ಅಂತ. ನಾನು ಮಳೆಯಾದ ಮೇಲೆ ಹೊಲಕ್ಕೆ ತಿರುಗಿ ಬಂದೆ. ಅಣ್ಣ ಅಲ್ಲೇ ಹೋಗಿಬಂದು ಮಾಡುತ್ತ ತೀರಿಕೊಂಡ. ಈಗ ಅವನ ಮಗಳು ಗೋವಾದಲ್ಲಿದ್ದಾಳೆ.

ಹೋದ ವರ್ಷ ದೀಪಾವಳಿ ಮುಗಿಸಿಕೊಂಡು ಆಕೆಯನ್ನು ನೋಡಲು ಹೋದೆ. ಬಾರ್ದೇಸ ತಾಲೂಕು, ಒಂದು ಗುಡ್ಡದ ಮೇಲೆ ಮುದುಕರ ಕಾಲನಿ. ಹೆಸರು ಬರೆಯುವುದಿಲ್ಲ, ಹುಡುಗಿಯ ಕೆಲಸಕ್ಕೆ ಧಕ್ಕೆ ಬರಬಾರದು. ಅಲ್ಲಿ ಆಕೆ ಆಯಾ. ಮುಂಜಾನೆ ಏಳರಿಂದ ಸಂಜೆ ಏಳರ ತನಕ ಮುಂಬೈ ಕಡೆಯ ಒಬ್ಬ ಅಜ್ಜಿಯನ್ನು ಎಬ್ಬಿಸುವುದು, ಮೈ ತೊಳೆಸುವುದು, ತಲೆ ಬಾಚುವುದು, ಉಣಿಸುವುದು, ಗಾಲಿ ಕುರ್ಚಿಯಲ್ಲಿ ತಿರುಗಾಡಿಸುವುದು. ಅಜ್ಜಿ ಒಳ್ಳೆಯವರು. ಗಂಡ ಬ್ಯಾಂಕಿನಲ್ಲಿ ದೊಡ್ಡ ಸಾಹೇಬರಿದ್ದರಂತೆ, ಈಗಿಲ್ಲ. ಮಗ ಅಮೆರಿಕಾದಲ್ಲಿ. ಮುಂಬೈ ಫ್ಲ್ಯಾಟ್ ಮಾರಿ ಇಲ್ಲಿ ಮನೆ ಹಿಡಿದಿದ್ದಾರೆ. ಹಿಂದಿಯಲ್ಲಿ ನನಗೆ ಹೇಳಿದರು, "ನಿಮ್ಮ ಮಗಳು ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗಿಂತ ಹೆಚ್ಚು."

ನನಗೆ ಸಂತೋಷವೂ ಆಯಿತು, ಹೊಟ್ಟೆಯೊಳಗೆ ಸಂಕಟವೂ ಆಯಿತು. ಯಾಕೆಂದರೆ ಆ ಹುಡುಗಿಯ ಹೆತ್ತ ತಾಯಿ, ನಮ್ಮ ಅತ್ತಿಗಿ, ಅದೇ ವರ್ಷ ಶ್ರಾವಣದಲ್ಲಿ ಬಚ್ಚಲದಾಗ ಜಾರಿ ಬಿದ್ದಿದ್ದಳು. ಹೊತ್ತು ಮೂಡಿದಾಗ ಬಿದ್ದವಳು ಇಳಿಹೊತ್ತಿನ ತನಕ ಅಲ್ಲೇ ಬಿದ್ದಿದ್ದಳು. ನಾನು ಸಂತಿಗೆ ಹೋಗಿದ್ದೆ. ಆ ಓಣಿಯಲ್ಲಿ ಆರು ಮನೆ. ಮೂರಕ್ಕೆ ಕೀಲಿ, ಮೂರರಲ್ಲಿ ಮುದುಕರು. ಕರೆದದ್ದು ಯಾರಿಗೂ ಕೇಳಿಲ್ಲ. ಕಡೀಕ ಹಾಲು ಹಿಂಡದ ಎಮ್ಮಿ ಒದರುವುದು ಕೇಳಿ ಒಬ್ಬಾಕೆ ಬಂದು ನೋಡಿದಳು. ಚಪ್ಪೆ ಮುರಿದಿತ್ತು. ಅದೇ ಹೊತ್ತಿನಲ್ಲಿ ಆಕೆಯ ಮಗಳು ಗೋವಾದಲ್ಲಿ ಇನ್ನೊಬ್ಬರ ತಾಯಿ ಬೀಳದಂತೆ ರಟ್ಟೆ ಹಿಡಿದು ನಡೆಸುತ್ತಿದ್ದಳು. ಆ ಅಜ್ಜಿ ತಿಂಗಳಿಗೆ ಕಂಪನಿಗೆ ಕೊಡುವ ರೊಕ್ಕ ನನ್ನ ಎರಡು ಎಕರೆ ಬಿಳಿಜೋಳದ ವರ್ಷದ ಉತ್ಪನ್ನಕ್ಕಿಂತ ಹೆಚ್ಚು. ಅದರಲ್ಲಿ ಹುಡುಗಿಯ ಕೈಗೆ ಬರುವುದು ಕಾಲು ಪಾಲು. ವಾರದ ರಜೆ ಕೇಳಿದರೆ ಬದಲಿ ಆಳು ನೀನೇ ತಾ ಅಂತಾರಂತೆ.

ಆಕೆಯ ಕಾಕಾ ಹಾಡುಗಾರ ಅಂತ ಗೊತ್ತಾಗಿ ಮ್ಯಾನೇಜರು ನನ್ನನ್ನು ಸಂಜೆ ಕಾರ್ಯಕ್ರಮಕ್ಕೆ ಕರೆದರು. ರುಮಾಲು ಸುತ್ತಿಸಿ, ಕೈಗೆ ತಾಳ ಕೊಟ್ಟು ಫೋಟೊ ಹೊಡೆದರು. ಹಾಡುವ ಮೊದಲು ಕಿವಿಯಲ್ಲಿ ಒಂದು ಮಾತು ಹೇಳಿದರು: "ಸಾವಿನ ಪದ ಬೇಡ, ಮುಪ್ಪಿನ ಪದ ಬೇಡ, ಖುಷಿಯ ಪದ ಹಾಡಿ." ನಾನು ಸುಗ್ಗಿಯ ಪದ ಹಾಡಿ ಇಳಿದೆ. ಆಮೇಲೆ ಒಬ್ಬ ಮುದುಕರು ಹತ್ತಿರ ಬಂದು, "ಇಲ್ಲಿ ಯಾರಾದರೂ ಸತ್ತರೆ ರಾತ್ರಿ ಹಿಂದಿನ ಗೇಟಿನಿಂದ ಒಯ್ಯುತ್ತಾರೆ, ಮುಂಜಾನೆ ಕುರ್ಚಿ ಖಾಲಿ ಇದ್ದಾಗ ನಮಗೆ ಗೊತ್ತಾಗುತ್ತದೆ" ಅಂದರು. ನಮ್ಮ ಭಜನೆಯಲ್ಲಿ ಸಾವಿನ ಮಾತಿಲ್ಲದ ಪದ ಹುಡುಕಿದರೆ ಸಿಗುವುದು ಕಷ್ಟ. ಮುಪ್ಪನ್ನು ಮಾರುವವನಿಗೆ ಸಾವು ಮಾತ್ರ ಬೇಡ. ಮುಂದಿನ ಗಿರಾಕಿ ಹೆದರಿ ಓಡುತ್ತಾನಲ್ಲ!

ಬರುವಾಗ ಅವರ ಬಣ್ಣದ ಪುಸ್ತಿಕೆ ತಂದಿದ್ದೆ. ಇಂಗ್ಲಿಷಿನಲ್ಲಿತ್ತು, ವಾಚನಾಲಯದಲ್ಲಿ ಮಾಸ್ತರು ಓದಿ ಹೇಳಿದರು. ಇಪ್ಪತ್ತು ಪುಟದಲ್ಲಿ ಸಮುದ್ರ, ಸೂರ್ಯಾಸ್ತ, ಯೋಗ, ನಗುವ ಬಿಳಿಗೂದಲು. ಹಾಸಿಗೆ ಹಿಡಿದ ಒಬ್ಬರ ಚಿತ್ರವೂ ಇಲ್ಲ. ಗಾದಿಯ ಮೇಲೆ ಮಲಗಿದವರೇ ಇಲ್ಲದಿದ್ದರೆ ನಮ್ಮ ಹುಡುಗಿ ದಿನಾ ಯಾರನ್ನು ತೊಳೆಯುತ್ತಾಳೆ?

ಮಾಸ್ತರು ಇನ್ನೊಂದು ವಿಷಯ ತಿಳಿಸಿದರು. ಈ ವ್ಯಾಪಾರದ ದೊಡ್ಡ ಮಾದರಿ ಅಮೆರಿಕಾದ ಅರಿಜೋನಾದ ಸನ್ ಸಿಟಿ. ಡೆಲ್ ವೆಬ್ ಎಂಬ ಗುತ್ತೇದಾರ 1960ರ ಜನವರಿ 1ಕ್ಕೆ ಅದನ್ನು ತೆರೆದ. ಮೊದಲು ಅದು ಮ್ಯಾರಿನೆಟ್ ಎಂಬಲ್ಲಿಯ ಹತ್ತಿ ಬೆಳೆಯುವ ಭೂಮಿ. ನೋಡಲು ಜನ ಜಾತ್ರೆಯಂತೆ ಬಂದರಂತೆ. ವಯಸ್ಸಾದವರಿಗೇ ಮನೆ, ಅಲ್ಲಿ ಚಿಕ್ಕ ಮಕ್ಕಳು ವಾಸ ಮಾಡುವಂತಿಲ್ಲ. ತೊಟ್ಟಿಲು ಕಟ್ಟದ ಊರಿಗೆ ಊರು ಅನ್ನಬೇಕೋ ಏನನ್ನಬೇಕೋ ನೀವೇ ಹೇಳಿ. ಅದೇ ಬೀಜ ಈಗ ನಮ್ಮ ದೇಶದಲ್ಲೂ ಬಿತ್ತಿದ್ದಾರೆ. ಕೊಯಮತ್ತೂರು, ಪುಣೆ, ಬೆಂಗಳೂರಲ್ಲಿ ಬೆಳೆದು ನಿಂತಿದೆ.

ವ್ಯಾಪಾರ ನಡೆಯುವ ರೀತಿ ಹೀಗೆ. ಕೆಲವರು ಮನೆಯನ್ನೇ ಮಾರುತ್ತಾರೆ. ಕೆಲವರು ದೊಡ್ಡ ಡಿಪಾಜಿಟ್ ಹಿಡಿದು ಬದುಕಿರುವ ತನಕ ಇರಲು ಬಿಡುತ್ತಾರೆ. ಎರಡರ ಮೇಲೂ ಊಟ, ಕಸ, ಕಾವಲು, ನರ್ಸ್ ಅಂತ ತಿಂಗಳ ಹಣ ಬೇರೆ. ಕಟ್ಟುವವನು ಒಬ್ಬ, ನಡೆಸುವವನು ಇನ್ನೊಬ್ಬ. ಮಾರಿದವನು ರೊಕ್ಕ ಎಣಿಸಿಕೊಂಡು ಮುಂದಿನ ಗುಡ್ಡಕ್ಕೆ ಹೋಗುತ್ತಾನೆ. ತಿಂಗಳ ಹಣ ಏರಿದರೆ, ಅಡಿಗಿ ಕೆಟ್ಟರೆ, ಒಬ್ಬರ ಮೇಲೊಬ್ಬರು ಬೊಟ್ಟು ಮಾಡುತ್ತಾರೆ. ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ನಡೆ ನೋಡುತ್ತೇವೆ. ಇಲ್ಲಿ ಕೊಳ್ಳುವವರು ಎಪ್ಪತ್ತು ವರ್ಷದವರು, ಕಣ್ಣು ಮಂಜು, ಮಕ್ಕಳು ದೂರ, ಕರಾರುಪತ್ರ ಸಣ್ಣ ಅಕ್ಷರದಲ್ಲಿ. "ಮಕ್ಕಳಿಗೆ ಭಾರವಾಗಬೇಡಿ" ಅನ್ನುವ ಒಂದು ಮಾತಿನ ಮೇಲೆ ಎಲ್ಲ ವ್ಯಾಪಾರ ನಿಂತಿದೆ. ಇವರು ಮಾರುವುದು ಆ ಹೆದರಿಕೆಯನ್ನು.

ಈಗ ನೀವು ಕೇಳುತ್ತೀರಿ, "ಮುತ್ಯಾ, ಮಕ್ಕಳು ನೋಡದಿದ್ದರ ಅವರು ಎಲ್ಲಿಗೆ ಹೋಗಬೇಕು?" ನ್ಯಾಯದ ಪ್ರಶ್ನೆ. ಅಲ್ಲಿಯ ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಗೋವಾದ ಸ್ವಂತ ಮುದುಕರ ಕಥೆಯೂ ಹಾಗೇ. 2011ರ ಜನಗಣತಿಯಂತೆ ಗೋವಾದಲ್ಲಿ ನೂರಕ್ಕೆ 11 ಮಂದಿ 60 ದಾಟಿದವರು. ಕೇರಳ ಬಿಟ್ಟರೆ ಅಷ್ಟು ಮುದುಕರು ಬೇರೆ ರಾಜ್ಯದಲ್ಲಿ ಇರಲಿಲ್ಲ. ಮಕ್ಕಳು ಹಡಗಿನ ಕೆಲಸಕ್ಕೆ, ಅರಬ್ ದೇಶಕ್ಕೆ, ಪೋರ್ತುಗೀಜ್ ಪಾಸ್‌ಪೋರ್ಟ್ ಮಾಡಿಸಿ ಇಂಗ್ಲೆಂಡಿಗೆ ಹೋಗಿದ್ದಾರೆ. ಬಡ ಮುದುಕರಿಗಾಗಿ ಅಲ್ಲಿ ಪ್ರೊವೆದೊರಿಯಾ ಎಂಬ ಸರಕಾರಿ ಸಂಸ್ಥೆ ಪೋರ್ತುಗೀಜರ ಕಾಲದಿಂದ ಆಶ್ರಯಮನೆ ನಡೆಸುತ್ತಿದೆ. ಅದನ್ನು ಬೆಳೆಸಲಿ, ಯಾರು ಬೇಡ ಅಂತಾರೆ? ಆದರೆ ಹೊಸ ಬಣ್ಣದ ಊರುಗಳು ಆ ಬಡವರಿಗಲ್ಲ.

ಹಿಂದಿನ ಕಾಲವೇ ಚಲೋ ಇತ್ತು ಅಂತಲೂ ನಾನು ಹಾಡುವವನಲ್ಲ. ನಮ್ಮ ಮುತ್ಯಾನ ಹಾಸಿಗೆ ದನದ ಹಕ್ಕಿಯಲ್ಲಿತ್ತು. ಅವನನ್ನು ತೊಳೆದು ಬಳಿದದ್ದು ನಮ್ಮವ್ವ ಒಬ್ಬಳೇ. ಅಪ್ಪ ಒಂದು ದಿನವೂ ಕೈ ಹಾಕಲಿಲ್ಲ. "ಸೊಸಿ ನೋಡ್ಕೋತಾಳ" ಅನ್ನುವುದೇ ನಮ್ಮ ಸಂಸ್ಕೃತಿ ಅಂತ ಭಾಷಣ ಮಾಡುವ ಗಂಡಸರು ಮೊದಲು ತಾವು ಒಂದು ದಿನ ಮಲಮೂತ್ರ ಬಳಿದು ಬರಲಿ. ಹೆಣ್ಣುಮಕ್ಕಳು ಕೂಲಿ ಸಿಗುವ ಕಡೆ ಹೋದರೆ ಅದರಲ್ಲಿ ತಪ್ಪಿಲ್ಲ. ಅದೇ ಕೆಲಸಕ್ಕೆ ಅಲ್ಲಿ ಪಗಾರ, ಇಲ್ಲಿ ಬೈಗುಳ.

ಹಂತಿ ಹೊಡೆಯುವಾಗ ಮುದಿ ಎತ್ತನ್ನು ಮೇಟಿಯ ಹತ್ತಿರ ಕಟ್ಟುತ್ತಿದ್ದೆವು. ಅಲ್ಲಿ ಸುತ್ತು ಸಣ್ಣದು, ಕಾಲಿಗೆ ತ್ರಾಸು ಕಡಿಮೆ. ಹರೆಯದ ಹೋರಿ ಹೊರಗಿನ ಸುತ್ತಿಗೆ. ಮುದಿ ಎತ್ತಿಗೆ ಬೇರೆ ಕಣ ಮಾಡಲಿಲ್ಲ. ಅದೇ ಹಂತಿ, ಅದೇ ಹಗ್ಗ, ಅದೇ ಪದ. ನಾನು ಕೇಳುವುದು ಇಷ್ಟೇ: ಮುದುಕರು ಇದ್ದ ಊರಲ್ಲೇ ಇರಲಿ, ಸುತ್ತು ಸಣ್ಣದಾಗಲಿ. ಆ ಭಾರ ಒಬ್ಬ ಸೊಸೆಯ ಮೇಲೆ ಬೀಳದೆ ಊರೆಲ್ಲ ಹಂಚಿಕೊಳ್ಳಲಿ, ಸರಕಾರ ತನ್ನ ಪಾಲು ಕೊಡಲಿ.

ಸರಕಾರದ ಪಾಲು ನೋಡೋಣ. 2007ರಲ್ಲಿ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂತು. ಜಿಲ್ಲೆಗೆ ಒಂದಾದರೂ, ಕಡಿಮೆ ಅಂದರೆ 150 ಬಡ ಹಿರಿಯರಿಗೆ ಜಾಗ ಇರುವ ಮನೆ ರಾಜ್ಯ ಸರಕಾರ ಕಟ್ಟಬಹುದು ಅಂತ ಅದರಲ್ಲಿದೆ. 'ಕಟ್ಟಬೇಕು' ಅನ್ನಲಿಲ್ಲ, 'ಕಟ್ಟಬಹುದು' ಅಂದಿತು. ವ್ಯಾಕರಣ ಕಲಿಸುವ ಗುರುಗಳೇ, ಈ ಎರಡು ಮಾತಿನ ನಡುವೆ ಎಷ್ಟು ಮುದುಕರು ಸತ್ತರೋ ಮಕ್ಕಳಿಗೆ ಕಲಿಸಿರಿ. ಮುದುಕರ ಊರು ಕಟ್ಟಿ ಮಾರುವ ಕಂಪನಿಗಳಿಗೆ 2019ರಲ್ಲಿ ದಿಲ್ಲಿಯಿಂದ ಮಾದರಿ ನಿಯಮ ಬಂತು. ಕಟ್ಟಿದವ, ನಡೆಸುವವ, ಕೊಂಡವ, ಮೂವರ ಕರಾರು ಇರಲಿ ಎಂಬ ಒಳ್ಳೆಯ ಮಾತು ಅದರಲ್ಲಿದೆ. ಆದರೆ ಮಾದರಿ ಅಂದರೆ ಮಾದರಿ, ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ನಿಯಮ. ಇನ್ನು ಪಿಂಚಣಿ. 60ರಿಂದ 79 ವರ್ಷದ ಬಡ ಮುದುಕರಿಗೆ ದಿಲ್ಲಿಯ ಪಾಲು ತಿಂಗಳಿಗೆ 200 ರೂಪಾಯಿ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ 1,200. ನಮ್ಮ ಅತ್ತಿಗಿಗೆ ಅದೂ ನಾಲ್ಕು ತಿಂಗಳು ನಿಂತಿತ್ತು, ಬೆರಳಿನ ಗುರುತು ಹತ್ತಲಿಲ್ಲವಂತೆ. ಜೀವನಪೂರ್ತಿ ರಾಶಿ ಮಾಡಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿಯಬೇಕು?

ಗೋವಾದ ಹಳ್ಳಿಯವರಿಂದ ನಾವು ಒಂದು ಕಲಿಯಬೇಕು. ಅವರ ಹೊಲ, ಗುಡ್ಡಗಳನ್ನು ಕಟ್ಟಡಕ್ಕೆ ತೆರೆಯುವ ಪ್ರಾದೇಶಿಕ ಯೋಜನೆ ಬಂದಾಗ ಜನ ಎದ್ದು ನಿಂತರು. 2007ರಲ್ಲಿ ಸರಕಾರ ಅದನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ಇವತ್ತಿಗೂ ಅಲ್ಲಿಯ ಗ್ರಾಮಸಭೆಯಲ್ಲಿ ಗುಡ್ಡ ಕಡಿಯುವವರ ಮೇಲೆ ಜಗಳ ತೆಗೆಯುತ್ತಾರೆ. ನಮ್ಮ ಗ್ರಾಮಸಭೆಯಲ್ಲಿ ಚಹಾ ಕುಡಿದು ಸಹಿ ಮಾಡಿ ಬರುತ್ತೇವೆ.

ಅದಕ್ಕೆ ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಆಯಾ ಕೆಲಸಕ್ಕೆ, ಕಾವಲಿಗೆ, ಕಟ್ಟಡಕ್ಕೆ ಗೋವಾಕ್ಕೆ ಹೋಗುವವರ ಹೆಸರು, ಕೆಲಸದ ಜಾಗ, ಏಜಂಟನ ಹೆಸರು ಪಂಚಾಯತಿಯ ಒಂದು ವಹಿಯಲ್ಲಿ ಬರೆದಿಡಬೇಕು. ಪಗಾರ, ವಾರದ ರಜೆ, ಭವಿಷ್ಯ ನಿಧಿ ಕಾಗದದ ಮೇಲೆ ಇಲ್ಲದ ಕೆಲಸಕ್ಕೆ ನಮ್ಮ ಹುಡುಗಿಯರನ್ನು ಕಳಿಸಬಾರದು.

ಎರಡು, ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆ ಪಂಚಾಯತಿಯಲ್ಲಿ 'ಕೂಸಿನ ಮನೆ' ಮಾಡಲು ಸರಕಾರಕ್ಕೆ ಬಂತು. ಹಾಗೆಯೇ ಮುದುಕರು ಹಗಲು ಕೂತು, ಉಂಡು, ಔಷಧ ತಗೊಂಡು ಸಂಜೆ ಮನೆಗೆ ಹೋಗುವ ಒಂದು ಮನೆ ಯಾಕಾಗಬಾರದು? ನಮ್ಮ ಹಳೇ ಸಾಲಿಯ ಎರಡು ಕೋಣೆ ಖಾಲಿ ಬಿದ್ದಿವೆ. ಬರುವ ಗ್ರಾಮಸಭೆಯಲ್ಲಿ ಠರಾವು ಮಾಡಿಸಬೇಕು. ಅಲ್ಲಿ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಪಗಾರ ಕೊಡಬೇಕು. ಆಗ ಒಬ್ಬಿಬ್ಬರಾದರೂ ಗೋವಾದಿಂದ ತಿರುಗಿ ಬಂದಾರು.

ಮೂರು, ಇದಕ್ಕೆ ಸರಕಾರ ಬೇಕಿಲ್ಲ, ನಾಳೆಯೇ ಆಗಬಹುದು. ಊರಲ್ಲಿ ಒಂಟಿಯಾಗಿರುವ ಮುದುಕರು ಎಷ್ಟು ಅಂತ ನಾನೂ ವಾಚನಾಲಯದ ಹುಡುಗರೂ ಎಣಿಸಿದೆವು. 31 ಮನೆ. ಗುರುಗಳು ಮನಸ್ಸು ಮಾಡಬೇಕು. ಸಾಲಿಗೆ ಬರುವ ಹುಡುಗರು ದಾರಿಯಲ್ಲಿ ತಮ್ಮ ಪಾಲಿನ ಒಂದು ಬಾಗಿಲು ನೋಡಿ ಬರಲಿ. "ಆಯೀ, ಎದ್ದೀರೇನ್ರಿ?" ಅಂತ ಒಂದು ಕೂಗು ಹಾಕಲಿ. ಉತ್ತರ ಬರದಿದ್ದರೆ ಸಾಲಿಗೆ ಬಂದು ಹೇಳಲಿ. ಹಾಜರಿ ಕರೆಯುವಾಗ ಆ 31 ಮನೆಯ ಹಾಜರಿಯೂ ಆಗಲಿ.

ಅತ್ತಿಗಿ ಈಗ ಕೋಲು ಹಿಡಿದು ಕಟ್ಟೆಯ ತನಕ ಬರುತ್ತಾಳೆ. ಮಗಳಿಗೆ ಫೋನಿನಲ್ಲಿ "ನಾ ಆರಾಮ ಅದೀನಿ, ನೀ ಬರಬ್ಯಾಡ, ರಜಾ ಕತ್ತರಸ್ತಾರ" ಅಂತಾಳೆ. ಆಕೆಯ ಮನೆಯ ಬಾಗಿಲಿಗೆ ಮೊದಲ ದಿನ ನಾನೇ ಹೋಗುತ್ತೇನೆ. ಉಳಿದ ಮೂವತ್ತಕ್ಕೆ ಯಾರು ಯಾರು ಹೋಗುತ್ತೀರಿ, ವಾಚನಾಲಯದ ವಹಿಯಲ್ಲಿ ಹೆಸರು ಬರೆಯಿರಿ.