ಕಿವಿಮೊರೆತದವರ ಭರವಸೆ

ಹೊರಗೆ ಯಾವ ಸದ್ದೂ ಇರುವುದಿಲ್ಲ. ಆದರೂ ಕಿವಿಯೊಳಗೆ ಗುಂಯ್ ಎನ್ನುತ್ತಲೇ ಇರುತ್ತದೆ. ಕೆಲವರಿಗೆ ಶಿಳ್ಳೆ, ಕೆಲವರಿಗೆ ಜೀರುಂಡೆಯ ಕೂಗು. ಇದೇ ಕಿವಿಮೊರೆತ, ವೈದ್ಯರ ಬಾಯಲ್ಲಿ ಟಿನ್ನಿಟಸ್. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ವಯಸ್ಕರಲ್ಲಿ ಶೇ 14ರಷ್ಟು ಮಂದಿಗೆ ಇದು ಇದೆ, ಶೇ 2ರಷ್ಟು ಮಂದಿಗೆ ತೀವ್ರವಾಗಿದೆ. ಇದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಹೀಗಿರುವಾಗ ಹೊಸ ಯಂತ್ರವೊಂದು ಬರಲಿದೆ ಎಂಬ ಸುದ್ದಿಗೆ ನಿದ್ದೆಗೆಟ್ಟವರು ಜೋತು ಬೀಳುವುದು ಸಹಜ. ಇನ್ನೂ ಪರೀಕ್ಷೆಯ ಹಂತದಲ್ಲಿರುವ ಯಂತ್ರವನ್ನು ಅವರು ಎಷ್ಟು ನಂಬಬಹುದು? ಪುರಾವೆ ಎಲ್ಲಿ ಎಂದು ಕೇಳಿದರೆ ನೊಂದವರ ಆಸೆಗೆ ತಣ್ಣೀರೆರಚಿದಂತಾಗುವುದೇ? ಕಟ್ಟುನಿಟ್ಟಾಗಿ ಪುರಾವೆ ಕೇಳುವವರೇ ಈ ಕಾಯಿಲೆಯಲ್ಲಿ ರೋಗಿಯ ನಿಜವಾದ ಹಿತೈಷಿಗಳು ಎಂಬುದು ನನ್ನ ನಿಲುವು.

ಈ ಭರವಸೆಗೆ ಆಧಾರವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಕಿವಿ ಮಂದವಾಗಿ ಒಳಬರುವ ಸದ್ದು ಕಡಿಮೆಯಾದಾಗ ಮಿದುಳಿನ ಶ್ರವಣ ಕೋಶಗಳು ತಾವಾಗಿಯೇ ಹೆಚ್ಚು ಚುರುಕಾಗುತ್ತವೆ. ಮೊರೆತದ ಮೂಲ ಬಹುಪಾಲು ಅಲ್ಲಿದೆ ಎಂಬುದು ಇಂದಿನ ತಿಳಿವಳಿಕೆ. ಕಿವಿಯ ನರ ಮಿದುಳಿನ ಬುಡವನ್ನು ಸೇರುವ ತಾಣಕ್ಕೆ ಮುಖ, ದವಡೆ, ಕುತ್ತಿಗೆಗಳ ಸ್ಪರ್ಶದ ಸಂದೇಶಗಳೂ ಬರುತ್ತವೆ. ಹಲ್ಲು ಕಚ್ಚಿದಾಗ, ಕತ್ತು ಹೊರಳಿಸಿದಾಗ ಕೆಲವರ ಮೊರೆತ ಏರಿಳಿಯುವುದು ಇದರಿಂದಲೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ಈ ಕೂಡುದಾಣವನ್ನೇ ಬಹುಕಾಲ ಅಧ್ಯಯನ ಮಾಡಿದವರು. ಕಿವಿಗೆ ಧ್ವನಿ, ಕುತ್ತಿಗೆಗೋ ಕೆನ್ನೆಗೋ ಮೆಲುವಾದ ವಿದ್ಯುತ್ ಮಿಡಿತ, ಇವೆರಡನ್ನೂ ಲೆಕ್ಕ ಹಾಕಿದ ಅಂತರದಲ್ಲಿ ಕೊಟ್ಟರೆ ಕೋಶಗಳ ಅತಿಯಾದ ಒಕ್ಕೊರಲು ಸಡಿಲಗೊಳ್ಳುತ್ತದೆ ಎಂದು ಅವರ ತಂಡ ಮೊದಲು ಗಿನಿಯಿಲಿಗಳಲ್ಲಿ ಕಂಡಿತು. 2018ರಲ್ಲಿ 20 ಜನರ ಮೇಲೆ, 2023ರಲ್ಲಿ 99 ಜನರ ಮೇಲೆ ನಡೆಸಿದ ಪರೀಕ್ಷೆಗಳ ಫಲಿತಾಂಶಗಳನ್ನೂ ಪ್ರಕಟಿಸಿತು. ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ನ್ಯೂರೋಮಾಡ್ ಕಂಪನಿಯ ‘ಲೆನೈರ್’ ಇದೇ ಜಾಡಿನ ಇನ್ನೊಂದು ಯಂತ್ರ. ಹೆಡ್‌ಫೋನಿನಲ್ಲಿ ಧ್ವನಿ ಕೇಳುತ್ತಿರುವಾಗ ನಾಲಿಗೆಯ ಮೇಲೆ 32 ಪುಟ್ಟ ಎಲೆಕ್ಟ್ರೋಡುಗಳ ಬಿಲ್ಲೆಯೊಂದನ್ನು ಇಟ್ಟುಕೊಳ್ಳಬೇಕು, ನಾಲಿಗೆ ಜುಮ್ಮೆನ್ನುತ್ತದೆ. 2023ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದಕ್ಕೆ ಅನುಮತಿ ಕೊಟ್ಟಿತು.

ತೊಡಕಿರುವುದು ಅಳತೆಯಲ್ಲಿ. ಜ್ವರಕ್ಕೆ ಥರ್ಮಾಮೀಟರ್ ಇದೆ, ಮೊರೆತಕ್ಕೆ ಅಂಥದ್ದೊಂದಿಲ್ಲ. ಕೇಳುವುದು ರೋಗಿಗೆ ಮಾತ್ರ, ಹೇಳಬೇಕಾದವರೂ ಅವರೇ. ಹೆಚ್ಚಾಗಿ ಬಳಸುವ ಪ್ರಶ್ನಾವಳಿಯೊಂದರಲ್ಲಿ 25 ಪ್ರಶ್ನೆಗಳಿವೆ: ನಿದ್ದೆ ಬರುವುದು ಕಷ್ಟವೇ, ಗಮನ ಕೊಟ್ಟು ಕೆಲಸ ಮಾಡಲು ಆಗುತ್ತಿದೆಯೇ, ಹೀಗೆ. ‘ಹೌದು’ ಎಂದರೆ 4 ಅಂಕ, ‘ಕೆಲವೊಮ್ಮೆ’ಗೆ 2, ‘ಇಲ್ಲ’ ಎಂದರೆ ಸೊನ್ನೆ, ಒಟ್ಟು ನೂರು. ಏಳು ಅಂಕ ಇಳಿದರೆ ಗುಣ ಕಂಡಿತು ಎಂದು ಲೆಕ್ಕ. ಅಂದರೆ ಎರಡು ‘ಹೌದು’ಗಳು ‘ಇಲ್ಲ’ ಆದರೆ ಸಾಕು. ಇದನ್ನು ಕ್ಷುಲ್ಲಕ ಎನ್ನುವಂತಿಲ್ಲ. ಆ ಎರಡು ಉತ್ತರಗಳು ನಿದ್ದೆ ಮತ್ತು ದುಡಿಮೆಯವಾಗಿದ್ದರೆ ಬದುಕೇ ಮರಳಿ ಬಂದ ಹಾಗೆ. ಆದರೆ ಅದೇ ಎರಡು ಉತ್ತರಗಳು ಹೊಸ ಚಿಕಿತ್ಸೆಯ ಉತ್ಸಾಹದಿಂದ, ಅಕ್ಕರೆಯಿಂದ ಮಾತಾಡಿಸಿದ ವೈದ್ಯರಿಂದ, ಮೊರೆತ ತಾನಾಗಿ ಏರಿ ಇಳಿಯುವ ಗುಣದಿಂದಲೂ ಬದಲಾಗಬಹುದು. ಯಾವುದು ಯಂತ್ರದ ಕೊಡುಗೆ ಎಂದು ತಿಳಿಯಲು ಇರುವ ದಾರಿ ಒಂದೇ: ನೋಡಲು ಒಂದೇ ಥರವಿರುವ, ಆದರೆ ಪೂರ್ಣ ಚಿಕಿತ್ಸೆ ಕೊಡದ ತೋರಿಕೆಯ ಯಂತ್ರವನ್ನು ಇನ್ನೊಂದು ಗುಂಪಿಗೆ ಕೊಟ್ಟು ಹೋಲಿಸುವುದು.

ಹೀಗೆ ಹೋಲಿಸಿ ನೋಡಿದಾಗಲೂ ಒಂದೇ ಪರೀಕ್ಷೆ ಸಾಲುವುದಿಲ್ಲ. ತಲೆಯ ಮೇಲೆ ಅಯಸ್ಕಾಂತದ ಮಿಡಿತ ಕೊಡುವ ಚಿಕಿತ್ಸೆಯಿಂದ ಲಾಭವಿದೆ ಎಂದು 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಪರೀಕ್ಷೆ ಹೇಳಿತು. 2017ರಲ್ಲಿ ಜರ್ಮನಿಯ ಹಲವು ಆಸ್ಪತ್ರೆಗಳಲ್ಲಿ 163 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ತೋರಿಕೆಯ ಚಿಕಿತ್ಸೆಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

‘ನನಗೆ ಹಾಯೆನಿಸಿದರೆ ಸಾಕು, ಕಾರಣ ಏನಾದರೇನು?’ ಎಂದು ರೋಗಿ ಕೇಳಬಹುದು. ಬಲವಾದ ಪ್ರಶ್ನೆ, ಸಿಕ್ಕ ಹಾಯಿಯನ್ನು ಸುಳ್ಳೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಗುಣ ಕಾಣದವರ ಪಾಡೇನು? ಲೆನೈರ್‌ಗೆ ಅಮೆರಿಕದಲ್ಲಿ ನಾಲ್ಕು ಸಾವಿರ ಡಾಲರ್ ಆಸುಪಾಸು ಖರ್ಚು. ಅಷ್ಟು ತೆತ್ತ ಮೇಲೂ ಮೊರೆತ ಹಾಗೇ ಉಳಿದರೆ, ‘ಎಲ್ಲರಿಗೂ ಗುಣವಾಯಿತು, ನನಗೇ ಆಗಲಿಲ್ಲ’ ಎಂಬ ಹತಾಶೆ ಮೊದಲಿನ ನೋವಿಗಿಂತ ಭಾರವಾಗುತ್ತದೆ. ಯಂತ್ರ ಯಾರಿಗೆ ನಾಟುತ್ತದೆ, ಯಾರಿಗಿಲ್ಲ ಎಂದು ಮೊದಲೇ ತಿಳಿದಿದ್ದರೆ ಅವರಿಗೆ ಆ ಗತಿ ಬರುತ್ತಿರಲಿಲ್ಲ. ಮಿಷಿಗನ್ ತಂಡ 2023ರ ಪರೀಕ್ಷೆಗೆ ದವಡೆ, ಕುತ್ತಿಗೆಯ ಚಲನೆಯಿಂದ ಮೊರೆತ ಬದಲಾಗುವವರನ್ನೇ ಆರಿಸಿಕೊಂಡಿತ್ತು. ಸುದ್ದಿ ಹರಡುವಾಗ ಈ ಷರತ್ತು ಹಿಂದೆ ಬೀಳುತ್ತದೆ, ‘ಗುಣವಾಯಿತು’ ಎಂಬುದೊಂದೇ ಉಳಿಯುತ್ತದೆ.

ಪರೀಕ್ಷೆಯಿಂದ ಇನ್ನೊಂದು ಲಾಭವೂ ಇದೆ. ಲೆನೈರ್‌ನ 2020ರ 326 ಜನರ ಪರೀಕ್ಷೆಯಲ್ಲಿ ತೋರಿಕೆಯ ಚಿಕಿತ್ಸೆಯ ಗುಂಪೇ ಇರಲಿಲ್ಲ ಎಂಬ ಆಕ್ಷೇಪ ಬಂದಿತ್ತು. ಆಮೇಲೆ 112 ಜನರ ಪರೀಕ್ಷೆಯಲ್ಲಿ ಮೊದಲ ಆರು ವಾರ ಬರೀ ಧ್ವನಿ, ಮುಂದಿನ ಆರು ವಾರ ಧ್ವನಿಯ ಜೊತೆ ನಾಲಿಗೆಯ ಮಿಡಿತ ಕೊಟ್ಟರು. ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ತೊಂದರೆಯಿದ್ದವರಲ್ಲಿ ಎರಡನೇ ಹಂತದಲ್ಲಿ ಶೇ 58.6 ಮಂದಿಗೆ ಗುಣ ಕಂಡಿತು. ಬರೀ ಧ್ವನಿಯ ಹಂತದಲ್ಲಿ ಶೇ 43.2 ಮಂದಿಗೆ. ಯಂತ್ರ ಒಂದಿಷ್ಟು ಹೆಚ್ಚು ಕೊಡುತ್ತದೆ ಎಂಬ ಸೂಚನೆ ಇದರಲ್ಲಿದೆ, ಆದರೆ ಒಂದೇ ಗುಂಪಿಗೆ ಒಂದಾದ ಮೇಲೊಂದರಂತೆ ಕೊಟ್ಟಿದ್ದರಿಂದ ಅನುಮಾನಕ್ಕೂ ಎಡೆಯಿದೆ. ನನ್ನನ್ನು ಹೆಚ್ಚು ತಟ್ಟಿದ್ದು ಎರಡನೆಯ ಅಂಕಿ. ಧ್ವನಿ, ಕ್ರಮ ತಪ್ಪದ ಆರೈಕೆ, ಕಾಳಜಿಯಿಂದ ಕೇಳಿಸಿಕೊಳ್ಳುವವರು, ಒಂದಿಷ್ಟು ಕಾಲ ಇಷ್ಟು ಸೇರಿದರೆ ಹತ್ತರಲ್ಲಿ ನಾಲ್ವರಿಗೆ ಹಗುರಾಗುತ್ತದೆ ಎಂದಾದರೆ, ಇವಕ್ಕೆ ಯಾವ ದೇಶದ ಅನುಮತಿಗೂ ಕಾಯಬೇಕಿಲ್ಲ. ಹೋಲಿಸಿ ನೋಡಿದ್ದರಿಂದಲೇ ಇದು ತಿಳಿಯಿತು.

ಆದ್ದರಿಂದ ಯಂತ್ರದ ದಾರಿ ಕಾಯುವವರು ಕಾಯಲಿ, ಆದರೆ ಚಿಕಿತ್ಸೆಯನ್ನು ಅಲ್ಲಿಯವರೆಗೆ ಮುಂದೂಡದಿರಲಿ. ಮೊದಲು ಕಿವಿ ಪರೀಕ್ಷೆ ಆಗಬೇಕು. ನಮ್ಮಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಅದಕ್ಕೆ ಅನುಕೂಲವಿದೆ. ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಹಾಕಿಸಿಕೊಂಡ ಹಲವರಿಗೆ ಮೊರೆತದ ಕಾಟ ಕಡಿಮೆಯಾಗುತ್ತದೆ. ಸಿಬಿಟಿ ಎಂಬ ಮನೋಚಿಕಿತ್ಸೆ ಸದ್ದನ್ನು ಅಡಗಿಸದಿದ್ದರೂ ಅದರಿಂದಾಗುವ ಸಂಕಟವನ್ನು ತಗ್ಗಿಸಬಲ್ಲದು ಎಂದು 28 ಪರೀಕ್ಷೆಗಳನ್ನು ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2020ರ ವರದಿ ಹೇಳುತ್ತದೆ. ಯಂತ್ರ ಮಾಡುವವರನ್ನು ರೋಗಿಗಳು ಮೂರು ಪ್ರಶ್ನೆ ಕೇಳಲಿ: ಯಾವುದರೊಡನೆ ಹೋಲಿಸಿ ನೋಡಿದಿರಿ? ಯಾರಿಗೆ ಗುಣ ಕಾಣಲಿಲ್ಲ? ನಿಮಗೆ ಸಂಬಂಧವಿಲ್ಲದವರು ಮತ್ತೊಮ್ಮೆ ಪರೀಕ್ಷಿಸಿದ್ದಾರೆಯೇ? ಇವಕ್ಕೆ ನೇರ ಉತ್ತರ ಕೊಟ್ಟವರ ಯಂತ್ರವನ್ನು ನಂಬಿ ಹಣವನ್ನೂ ಆಸೆಯನ್ನೂ ಹೂಡಬಹುದು. ಉತ್ತರ ಕೊಡದವರಿಗೆ ಎರಡನ್ನೂ ಕೊಡಬೇಕಿಲ್ಲ.