ಓಟದ ಆಸನ: ಕೊಳ್ಳುವುದೋ, ಕಟ್ಟಿಸುವುದೋ

ಉಮರ್ಗಾದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65 ಪುಣೆಯನ್ನು ಹೈದರಾಬಾದಿನೊಂದಿಗೆ ಜೋಡಿಸುತ್ತದೆ. ಹಗಲಿರುಳು ಓಡುವ ವಾಹನಗಳನ್ನು ನೋಡುತ್ತ ಬೆಳೆಯುವ ಮಕ್ಕಳಿಗೆ ವೇಗದ ಮೋಹ ಹುಟ್ಟುವುದು ಸಹಜ. ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿ ಕಾರು ಓಡಿಸುತ್ತಿದ್ದ ಹುಡುಗನೋ ಹುಡುಗಿಯೋ ಒಂದು ದಿನ, ‘ಅಪ್ಪಾ, ನನಗೆ ಸ್ಟಿಯರಿಂಗೂ ಸೀಟೂ ಬೇಕು’ ಎಂದು ಕೇಳಿದಾಗ ಮನೆಯವರು ಎರಡು ಬಗೆಯಲ್ಲಿ ತಪ್ಪುವುದುಂಟು. ಕೆಲವರು ಇದು ಹಾಳು ಹವ್ಯಾಸವೆಂದು ಗದರಿಸಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಅಂಗಡಿಯ ಚಿತ್ರಕ್ಕೆ ಮಾರುಹೋಗಿ, ಕೋಣೆಯ ಅಳತೆಯನ್ನೂ ಮಗುವಿನ ಅಳತೆಯನ್ನೂ ನೋಡದೆ ದುಬಾರಿಯ ಸಾಮಾನು ತರಿಸುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ಅದರ ಮೇಲೆ ಒಗೆದ ಬಟ್ಟೆ ಒಣಗುತ್ತಿರುತ್ತದೆ. ಈ ಎರಡಕ್ಕೂ ನಡುವೆ ವಿಚಾರದ ದಾರಿಯೊಂದಿದೆ.

ಗಣಕಯಂತ್ರದ ಪರದೆಯ ಮುಂದೆ ಚಕ್ರ, ಪೆಡಲುಗಳನ್ನಿಟ್ಟುಕೊಂಡು ನಿಜವಾದ ಕಾರಿನ ವರ್ತನೆಯನ್ನು ಅನುಕರಿಸುವ ಆಟಕ್ಕೆ ಸಿಮ್ ರೇಸಿಂಗ್ ಎಂದು ಹೆಸರು. ಚಕ್ರ, ಪೆಡಲು, ಆಸನ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದಿಡುವ ಸಾಧನವೇ ಕಾಕ್‌ಪಿಟ್ ರಿಗ್. ಇದರ ಮೂಲ ಆಟದಲ್ಲಿಲ್ಲ, ಬಡತನದಲ್ಲಿದೆ ಎಂದರೆ ಆಶ್ಚರ್ಯವಾಗಬಹುದು. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಎಂಬ ತರುಣನಿಗೆ ವಿಮಾನ ಹಾರಿಸುವುದನ್ನು ಕಲಿಯುವ ಆಸೆಯಿತ್ತು. ಆದರೆ ಪಾಠದ ಶುಲ್ಕ ಭಾರವಾಗಿತ್ತು. ಅವನ ತಂದೆಯದು ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ. ನಮ್ಮ ಭಜನೆಯ ಹಾರ್ಮೋನಿಯಂನಲ್ಲಿರುವಂಥ ಗಾಳಿಯ ತಿದಿಗಳು ಅಲ್ಲಿ ಬೇಕಾದಷ್ಟಿದ್ದವು. ಆ ತಿದಿಗಳನ್ನೇ ಬಳಸಿ, ನೆಲದ ಮೇಲಿದ್ದೇ ವಾಲುವ, ತಿರುಗುವ ಒಂದು ಮರದ ವಿಮಾನವನ್ನು ಅವನು 1929ರ ಹೊತ್ತಿಗೆ ಸಿದ್ಧಪಡಿಸಿದನು. ಮೊದಮೊದಲು ಅದನ್ನು ಕೊಂಡವರು ವಿನೋದದ ಉದ್ಯಾನಗಳವರು. 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಸೇನಾ ವಿಮಾನಿಕರು ಕೆಟ್ಟ ಹವೆಯಲ್ಲಿ ಒಬ್ಬರ ಮೇಲೊಬ್ಬರು ಸತ್ತಾಗ, ಅಮೆರಿಕದ ಸೇನೆ ಆರು ಯಂತ್ರಗಳನ್ನು ಕೊಂಡಿತು. ಆಟಿಕೆ ಪಾಠಶಾಲೆಯಾಯಿತು. ಮನೆಯಲ್ಲಿದ್ದುದನ್ನೇ ಜೋಡಿಸಿ ಕಟ್ಟಿದ್ದು ಕೂಡ ಗಟ್ಟಿಯಾಗಿದ್ದರೆ ಕೆಲಸಕ್ಕೆ ಬರುತ್ತದೆಂಬುದಕ್ಕೆ ಇದೇ ಸಾಕ್ಷಿ.

ಆಯ್ಕೆಗೆ ಮೊದಲು ಒಂದು ತತ್ತ್ವವನ್ನು ತಿಳಿಯಬೇಕು. ಎಂಟನೆಯ, ಒಂಬತ್ತನೆಯ ತರಗತಿಯ ವಿಜ್ಞಾನ ಓದಿದ ಮಗುವಿಗೆ ಅದು ಹೊಸದೇನಲ್ಲ. ಬಲವನ್ನು ದೂರದಿಂದ ಗುಣಿಸಿದರೆ ತಿರುಗುಬಲ; ಅದರ ಮಾನ ನ್ಯೂಟನ್ ಮೀಟರ್. ಗೇರಿನ ಹಲ್ಲುಗಳ ಮೂಲಕ ಕೆಲಸ ಮಾಡುವ ಆರಂಭದ ಚಕ್ರಗಳು, ಉದಾಹರಣೆಗೆ ಲಾಜಿಟೆಕ್ ಜಿ29, ಸುಮಾರು 2 ನ್ಯೂಟನ್ ಮೀಟರಿನಷ್ಟು ಬಲದಿಂದ ಕೈಯನ್ನು ಎಳೆಯುತ್ತವೆ. ಮೋಟಾರಿನ ದಂಡಕ್ಕೇ ಚಕ್ರವನ್ನು ನೇರವಾಗಿ ಜೋಡಿಸಿದ ಡೈರೆಕ್ಟ್ ಡ್ರೈವ್ ಬಗೆಯ ಚಿಕ್ಕ ಚಕ್ರಗಳು 5ರಿಂದ 8 ನ್ಯೂಟನ್ ಮೀಟರ್ ಎಳೆಯುತ್ತವೆ. ದೊಡ್ಡವು 20ನ್ನೂ ದಾಟುತ್ತವೆ. ಚಕ್ರದ ವ್ಯಾಸ 30 ಸೆಂಟಿಮೀಟರ್ ಇದ್ದರೆ ತ್ರಿಜ್ಯ 15. 2 ನ್ಯೂಟನ್ ಮೀಟರನ್ನು 0.15ರಿಂದ ಭಾಗಿಸಿದರೆ ಅಂಚಿನಲ್ಲಿ 13 ನ್ಯೂಟನ್, ಅಂದರೆ ಸುಮಾರು 1.3 ಕಿಲೋ ತೂಕದ ಎಳೆತ. 8 ನ್ಯೂಟನ್ ಮೀಟರಿಗೆ ಅದೇ ಲೆಕ್ಕ 5.4 ಕಿಲೋ ಆಗುತ್ತದೆ. ಓದುವ ಮೇಜಿನ ಹಲಗೆಗೆ ಬಿಗಿದ ಚಕ್ರ ಮೊದಲನೆಯ ಎಳೆತವನ್ನು ತಾಳೀತು. ಎರಡನೆಯದಕ್ಕೆ ಹಲಗೆಯೇ ನಡುಗುತ್ತದೆ.

ಚಕ್ರಕ್ಕಿಂತಲೂ ಹೆಚ್ಚಿನ ಪರೀಕ್ಷೆ ಬ್ರೇಕಿನದು. ಅಗ್ಗದ ಪೆಡಲು ಎಷ್ಟು ದೂರ ಒತ್ತಲಾಯಿತೆಂಬುದನ್ನು ಅಳೆಯುತ್ತದೆ. ಲೋಡ್ ಸೆಲ್ ಇರುವ ಪೆಡಲು ಎಷ್ಟು ಬಲದಿಂದ ಒತ್ತಲಾಯಿತೆಂಬುದನ್ನು ಅಳೆಯುತ್ತದೆ. ಅಂಥ ಪೆಡಲಿನ ಮೇಲೆ 40 ಕಿಲೋ ತೂಕದಷ್ಟು ಒತ್ತಡ ಬೀಳುವುದು ಸಾಮಾನ್ಯ. ಪಾದವು ಪೆಡಲನ್ನು ಮುಂದಕ್ಕೆ ತಳ್ಳಿದಷ್ಟೇ ಬಲದಿಂದ ಬೆನ್ನು ಆಸನವನ್ನು ಹಿಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಚಕ್ರವುಳ್ಳ ಕುರ್ಚಿಯ ಮೇಲೆ ಕುಳಿತು ಆಡಿದರೆ ಪ್ರತಿ ತಿರುವಿನಲ್ಲೂ ಕುರ್ಚಿ ಹಿಂದೋಡುವುದು ಇದರಿಂದಲೇ. ಆದ್ದರಿಂದ ಆಸನ ಮತ್ತು ಪೆಡಲು ಒಂದೇ ಚೌಕಟ್ಟಿಗೆ ಬಿಗಿದಿರಬೇಕೆಂಬುದು ಈ ವಿದ್ಯೆಯ ಮೊದಲ ಸೂತ್ರ.

ಈಗ ಬಗೆಗಳನ್ನು ನೋಡಬಹುದು. ಮೊದಲನೆಯದು ಮಡಿಸಿಡುವ ಸ್ಟ್ಯಾಂಡು. ಇದಕ್ಕೆ ಆಸನವಿಲ್ಲ, ಮನೆಯ ಗಟ್ಟಿ ಕುರ್ಚಿಯೇ ಆಸನ. ಹಗಲು ಬೀಗರು ಕೂಡುವ ಪಡಸಾಲೆಯೇ ರಾತ್ರಿ ಮಲಗುವ ಕೋಣೆಯೂ ಆಗಿರುವ ಮನೆಗೆ ಇದು ಒಪ್ಪುತ್ತದೆ. ಆದರೆ ಮೇಲೆ ಹೇಳಿದ ಸೂತ್ರವನ್ನು ಇದು ಪಾಲಿಸದು. ಎರಡನೆಯದು ಕೊಳವೆಯ ಚೌಕಟ್ಟಿಗೆ ಬಟ್ಟೆಯ ಆಸನ ಬಿಗಿದು, ಆಟ ಮುಗಿದ ಮೇಲೆ ಮಡಚುವಂತೆ ಮಾಡಿದ್ದು. ಗೇರಿನ ಚಕ್ರಕ್ಕೆ ಇದು ಸಾಕು. ಗಟ್ಟಿ ಬ್ರೇಕಿಗೆ ಸಾಲದು. ಮೂರನೆಯದು ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟು. ಉದ್ದಕ್ಕೂ ಗಾಡಿ ಕೊರೆದ 40 ಮಿಲಿಮೀಟರಿನ ಚೌಕ ದಿಂಡುಗಳನ್ನೂ, ಇನ್ನೂ ಗಟ್ಟಿ ಬೇಕಾದಲ್ಲಿ 40ಕ್ಕೆ 80ರ ದಿಂಡುಗಳನ್ನೂ ಬೋಲ್ಟಿನಿಂದ ಜೋಡಿಸುತ್ತಾರೆ. ಬೋಲ್ಟು ಸಡಿಲಿಸಿ ಯಾವ ಭಾಗವನ್ನಾದರೂ ಸರಿಸಬಹುದು. ಗುಣದಲ್ಲಿ ಇದಕ್ಕೆ ಎದುರಿಲ್ಲ, ಬೆಲೆಯಲ್ಲಿಯೂ ಹಾಗೆಯೇ.

ನಾಲ್ಕನೆಯದು ಯಾವ ಜಾಹೀರಾತಿನಲ್ಲೂ ಕಾಣದು. ಆದರೆ ಗಡಿಭಾಗದ ಮನೆಗಳಿಗೆ ಅದೇ ಹೆಚ್ಚು ಹೊಂದುತ್ತದೆ. ಉದಗೀರ, ನಿಲಂಗಾ, ಉಮರ್ಗಾಗಳಲ್ಲಿ ಗೇಟು, ಕಿಟಕಿ, ಒಕ್ಕಲುತನದ ಸಾಮಾನು ಮಾಡುವ ವೆಲ್ಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲ. ಟ್ರಾಲಿಯ ಭಾರಕ್ಕೆ ಕಬ್ಬಿಣ ಬೆಸೆಯುವ ಕೈಗೆ ಓಟದ ಚೌಕಟ್ಟು ಹೆಚ್ಚಿನದಲ್ಲ. 40 ಮಿಲಿಮೀಟರಿನ, 2 ಮಿಲಿಮೀಟರ್ ದಪ್ಪದ ಚೌಕ ಪೈಪು ಮೀಟರಿಗೆ ಸುಮಾರು 2.4 ಕಿಲೋ ತೂಗುತ್ತದೆ. 6 ಮೀಟರಿನ ಎರಡು ಪೈಪುಗಳು ಒಂದು ಚೌಕಟ್ಟಿಗೆ ಸಾಕಾಗುತ್ತವೆ. ಅಂದರೆ ಸುಮಾರು 29 ಕಿಲೋ ಕಬ್ಬಿಣ. ಆ ದಿನದ ಕಿಲೋ ದರದಿಂದ ಗುಣಿಸಿ, ಕೂಲಿ ಮತ್ತು ಬಣ್ಣದ ಖರ್ಚು ಸೇರಿಸಿದರೆ ವೆಚ್ಚ ತಿಳಿಯುತ್ತದೆ. ಈ ಲೆಕ್ಕವನ್ನು ಕೇಳಿದ ಮಗುವಿನಿಂದಲೇ ಮಾಡಿಸುವುದು ಒಳ್ಳೆಯದು.

ಆಸನವನ್ನು ಹೊಸದಾಗಿ ಕೊಳ್ಳಬೇಕಿಲ್ಲ. ಗುಜರಿಯಲ್ಲಿ ದೊರೆಯುವ ಹಳೆಯ ಕಾರಿನ ಮುಂದಿನ ಸೀಟಿಗೆ ಹಿಂದೆ ಮುಂದೆ ಸರಿಯುವ ಹಳಿಯೂ ಬೆನ್ನು ವಾಲಿಸುವ ಹಿಡಿಯೂ ಇರುತ್ತವೆ. ಅಕ್ಕನಿಗೂ ತಮ್ಮನಿಗೂ ಒಂದೇ ಆಸನ ಹೊಂದುವುದು ಈ ಹಳಿಯಿಂದ. ಆದರೆ ಒಂದು ಎಚ್ಚರಿಕೆ ಇದೆ. ಕೆಲವು ಕಾರುಗಳ ಸೀಟಿನ ಮಗ್ಗುಲಲ್ಲಿ ಗಾಳಿಚೀಲವಿರುತ್ತದೆ. ಅದನ್ನು ಉಬ್ಬಿಸಲು ಒಳಗೆ ಸಿಡಿಯುವ ಮದ್ದು ಇರುತ್ತದೆ. ಏರ್‌ಬ್ಯಾಗ್ ಎಂಬ ಚೀಟಿ ಹೊಲಿದ, ಅಥವಾ ಅಡಿಯಲ್ಲಿ ಹಳದಿ ತಂತಿಯಿರುವ ಸೀಟನ್ನು ತರಲೇಬಾರದು. ಅದನ್ನು ಬಿಚ್ಚುವುದಾಗಲಿ, ಅದರ ಬಳಿ ಬೆಸುಗೆ ಹಾಕುವುದಾಗಲಿ ಪ್ರಾಣಕ್ಕೆ ಅಪಾಯ.

ಅಂಗಡಿಗೆ ಹೋಗುವ ಮೊದಲು ಅಳತೆ ಸಿದ್ಧವಾಗಿರಬೇಕು. ಗೋಡೆಗೆ ಒರಗಿ ನೆಲದ ಮೇಲೆ ದಿಂಬಿಟ್ಟು ಮಗುವನ್ನು ಕೂಡಿಸಿ, ಸೊಂಟದಿಂದ ಹಿಮ್ಮಡಿಯವರೆಗಿನ ದೂರವನ್ನು ಮಂಡಿ ತುಸು ಮಡಚಿರುವಾಗ ಅಳೆಯಬೇಕು. ಬ್ರೇಕು ಪೂರ್ತಿ ಒತ್ತಿದಾಗಲೂ ಮಂಡಿ ನೆಟ್ಟಗಾಗಬಾರದು. ಬೆನ್ನು ಆಸನಕ್ಕೆ ತಾಗಿರುವಾಗ ಕೈ ಚಾಚಿದರೆ ಮಣಿಕಟ್ಟು ಚಕ್ರದ ಮೇಲಂಚಿನ ಮೇಲೆ ಕೂಡಬೇಕು. ಆಗ ಚಕ್ರ ಹಿಡಿದಾಗ ಮೊಣಕೈ ಸರಿಯಾಗಿ ಬಾಗುತ್ತದೆ. ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕಿರಬೇಕು. ಪರದೆ ದೊಡ್ಡದಿರುವುದಕ್ಕಿಂತ ಚಕ್ರದ ಬೆನ್ನಿಗೇ ಇರುವುದು ಮುಖ್ಯ. 60 ಸೆಂಟಿಮೀಟರ್ ಅಗಲದ ಪರದೆ ಅಷ್ಟೇ ದೂರದಲ್ಲಿದ್ದರೆ ಕಣ್ಣಿಗೆ 53 ಅಂಶಗಳ ನೋಟ ಸಿಗುತ್ತದೆ. ಆಟದ ನೋಟದ ಕೋನವನ್ನೂ ಅಷ್ಟಕ್ಕೇ ಇಟ್ಟರೆ ತಿರುವಿನ ದೂರ ಮೋಸಗೊಳಿಸದು.

ಮಗು ಬೆಳೆಯುತ್ತದೆ, ಕಬ್ಬಿಣ ಬೆಳೆಯದು. ಆದ್ದರಿಂದ ಪೆಡಲಿನ ಹಲಗೆಗೂ ಚಕ್ರದ ಕಂಬಕ್ಕೂ ಐದೈದು ಸೆಂಟಿಮೀಟರಿಗೆ ಒಂದರಂತೆ ತೂತು ಕೊರೆಯಿಸಿ, ಬೋಲ್ಟಿನಿಂದ ಬಿಗಿಯಬೇಕು, ಇವೆರಡನ್ನು ಬೆಸೆದುಬಿಡಬಾರದು. ಬಾಗಿಲಿನ ಅಗಲವನ್ನೂ ಮೊದಲೇ ಅಳೆಯಬೇಕು. ಅಂಗಡಿಯಲ್ಲಿ ಬೆಸೆದ ಚೌಕಟ್ಟು ಮನೆಯ ಬಾಗಿಲಲ್ಲಿ ನುಸುಳದಿದ್ದರೆ ಮತ್ತೆ ಕತ್ತರಿಸಬೇಕಾಗುತ್ತದೆ. ಶಹಾಬಾದಿ ಫರ್ಸಿಯ ನೆಲ ನುಣುಪು. ಕಬ್ಬಿಣದ ಕಾಲು ಅದರ ಮೇಲೆ ಜಾರುತ್ತದೆ, ಗೀರುತ್ತದೆ. ನಾಲ್ಕು ಮೂಲೆಗೂ ದಪ್ಪ ರಬ್ಬರು ಅಂಟಿಸಬೇಕು. ಪೈಪಿನ ತೆರೆದ ತುದಿಗಳಿಗೆ ಮುಚ್ಚಳವಿರಬೇಕು. ಅಂಬೆಗಾಲಿಡುವ ಕೂಸಿನ ಹಣೆಗೆ ತಾಗುವುದು ಅದೇ ತುದಿ.

ವಿದ್ಯುತ್ತಿನ ಮಾತನ್ನು ಎಲ್ಲರೂ ಮರೆಯುತ್ತಾರೆ. ಗಣಕಯಂತ್ರ, ಪರದೆ, ಚಕ್ರದ ಮೋಟಾರು ಇವೆಲ್ಲ ತಾಗಿರುವ ಚೌಕಟ್ಟು ಕಬ್ಬಿಣದ್ದು. ಗೋಡೆಯ ಮೂರನೆಯ ತೂತಿಗೆ ನಿಜವಾಗಿ ಅರ್ಥಿಂಗ್ ತಂತಿ ಬಂದಿದೆಯೇ ಎಂಬುದನ್ನು ವೈರ್‌ಮನ್ ಪರೀಕ್ಷಿಸಿ ಹೇಳಿದ ಮೇಲೆಯೇ ಆಟ ಶುರುವಾಗಬೇಕು. ಚಕ್ರವನ್ನು ಜೋಡಿಸಿಟ್ಟುಕೊಂಡು ಚೌಕಟ್ಟಿಗೆ ಎಂದೂ ಬೆಸುಗೆ ಹಾಕಿಸಬಾರದು. ಒಳಗಿನ ಸೂಕ್ಷ್ಮ ಭಾಗಗಳು ಸುಟ್ಟುಹೋಗುತ್ತವೆ. ಪತ್ರಾದ ಮಾಳಿಗೆಯಡಿ ವೈಶಾಖದ ಮಧ್ಯಾಹ್ನ ಮೋಟಾರಿಗೂ ಕೆಟ್ಟದ್ದು, ಮಗುವಿಗೂ ಕೆಟ್ಟದ್ದು.

ವೆಲ್ಡರನು ಮರಾಠಿ ಮಾತಾಡುವವನಿರಬಹುದು, ಉದಗೀರದಲ್ಲಾದರೆ ಉರ್ದು ಮಾತಾಡುವವನೂ ಇರಬಹುದು. ಕನ್ನಡ ಶಾಲೆಯ ಮಗು ಅಲ್ಲಿ ಮಾತಿಗೆ ತಡವರಿಸಬಾರದೆಂದು ತಂದೆಯೇ ಮುಂದೆ ನಿಲ್ಲುವುದುಂಟು. ಹಾಗೆ ಮಾಡದೆ, ಚೌಕಟ್ಟಿನ ಮೂರು ನೋಟಗಳನ್ನು, ಮೇಲಿನಿಂದ, ಎದುರಿನಿಂದ, ಮಗ್ಗುಲಿನಿಂದ, ಅಳತೆ ಸಹಿತ ಕಾಗದದ ಮೇಲೆ ಬರೆಯಿಸಿ ಮಗುವಿನ ಕೈಯಲ್ಲೇ ಕಳಿಸಬೇಕು. ಮಿಲಿಮೀಟರಿಗೆ ಭಾಷೆಯ ಗಡಿಯಿಲ್ಲ. ‘ಕಾಕಾ, ಇಲ್ಲಿ ಬೋಲ್ಟು, ಇಲ್ಲಿ ಬೆಸುಗೆ’ ಎಂದು ಚಿತ್ರ ತೋರಿಸಿ ಹೇಳಬಲ್ಲ ಮಗು ತನ್ನ ಶಾಲೆಯ ಪಾಠ ಎಲ್ಲಿಯೂ ಸಲ್ಲುತ್ತದೆಂಬುದನ್ನು ಅಲ್ಲಿಯೇ ಕಲಿಯುತ್ತದೆ.

ಇದರಿಂದ ಬದುಕು ಕಟ್ಟಿಕೊಳ್ಳಬಹುದೇ ಎಂಬುದು ಹಿರಿಯರ ಪ್ರಶ್ನೆ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೊ ಗ್ರ್ಯಾನ್ ಟುರಿಸ್ಮೊ ಆಟದ ಮೂಲಕ 2011ರಲ್ಲಿ ಜಿಟಿ ಅಕಾಡೆಮಿಗೆ ಆಯ್ಕೆಯಾಗಿ ಗೆದ್ದು, 2013ರ ಲ ಮಾನ್ ಓಟದಲ್ಲಿ ತನ್ನ ವರ್ಗದಲ್ಲಿ ತಂಡದೊಡನೆ ಮೂರನೆಯ ಸ್ಥಾನ ಪಡೆದದ್ದು ನಿಜ. ಅವನ ಕಥೆ 2023ರಲ್ಲಿ ಚಲನಚಿತ್ರವಾಯಿತು. ಆದರೆ ಸಾವಿರಾರು ಮಂದಿಯಲ್ಲಿ ಒಬ್ಬನನ್ನು ಆರಿಸಿದ ಆ ಯೋಜನೆ ಈಗ ಇಲ್ಲ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರಂಥ ಓಟಗಾರರು ಬೆಳೆದದ್ದು ಬಾಲ್ಯದಿಂದಲೇ ನಿಜವಾದ ಗೋ ಕಾರ್ಟುಗಳಲ್ಲಿ. ಆ ದಾರಿಗೆ ಬೇಕಾದ ಹಣ ಬೇರೆಯೇ ಲೆಕ್ಕದ್ದು. ಆದ್ದರಿಂದ ರಿಗ್ಗನ್ನು ಹವ್ಯಾಸವೆಂದೇ ಕಾಣಬೇಕು, ಕಾಲೇಜಿನ ಶುಲ್ಕಕ್ಕೆ ತೆಗೆದಿಟ್ಟ ಹಣವನ್ನು ಅದಕ್ಕೆ ಮುಟ್ಟಬಾರದು.

ಹವ್ಯಾಸದಿಂದ ದೊರಕಬಹುದಾದ ಒಂದು ಲಾಭವನ್ನು ಮಾತ್ರ ಬಿಡಬಾರದು. ವೇಗದ ಆಸೆಯುಳ್ಳ ಮಗು ಮನೆಯೊಳಗೆ ಆಡದಿದ್ದರೆ ಮಾವನ ಮೋಟಾರ್ ಸೈಕಲ್ಲು ಹಿಡಿದು ಹೆದ್ದಾರಿಗೆ ಹೋದೀತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 199ಎ ಕಲಮಿನಂತೆ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಒಡೆಯರು ಹೊಣೆ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಹಾಗೆಂದು ರಿಗ್ಗಿನ ಮೇಲೆ ಗೆದ್ದವರು ರಸ್ತೆಯನ್ನೂ ಗೆಲ್ಲಬಲ್ಲರೆಂಬ ಭ್ರಮೆ ಹುಟ್ಟಬಾರದು. ಆಟದಲ್ಲಿ ಅಪಘಾತವಾದರೆ ಒಂದು ಗುಂಡಿ ಒತ್ತಿ ಮತ್ತೆ ಹೊರಡಬಹುದು. ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ದೀಪವಿಲ್ಲದೆ ಎದುರಾಗುತ್ತದೆ, ಗುಂಡಿಯಿಲ್ಲ.

ಕೊನೆಯದಾಗಿ ಕ್ರಮ. ಮೊದಲು ಬಳಸಿದ ಚಕ್ರವೊಂದನ್ನು ತಂದು ಮನೆಯ ಮೇಜಿಗೆ ಬಿಗಿಯಬೇಕು. ಪೆಡಲಿನ ಬೆನ್ನು ಗೋಡೆಗೆ ತಾಗಿರಲಿ, ಕುರ್ಚಿಗೆ ಗಾಲಿ ಬೇಡ. ಮೂರು ತಿಂಗಳು ಓದಿಗೆ ಧಕ್ಕೆಯಿಲ್ಲದೆ ಆಟ ನಡೆದು, ಆಸಕ್ತಿಯೂ ಉಳಿದರೆ ಚೌಕಟ್ಟಿನ ಚಿತ್ರ ಬರೆಯಿಸಬೇಕು. ಲೈಸೆನ್ಸು ಬರುವವರೆಗೆ ರಸ್ತೆಯಲ್ಲಿ ಕೀಲಿಕೈ ಮುಟ್ಟುವುದಿಲ್ಲವೆಂಬ ಮಾತನ್ನು ಆಗಲೇ ಪಡೆಯಬೇಕು. ಚೌಕಟ್ಟನ್ನು ಇಂದಿನ ಚಿಕ್ಕ ಚಕ್ರಕ್ಕಲ್ಲ, ನಾಳೆ ಬರಬಹುದಾದ ದೊಡ್ಡ ಚಕ್ರಕ್ಕೆ ತಕ್ಕಂತೆ ಕಟ್ಟಿಸಬೇಕು. ಚಕ್ರ ಬದಲಾದೀತು, ಕಬ್ಬಿಣ ಉಳಿದೀತು. ಅಳತೆ ತೆಗೆಯುವಾಗ ಮನೆಯ ಹೆಣ್ಣುಮಗುವಿನ ಅಳತೆಯನ್ನೂ ಬರೆದುಕೊಳ್ಳಬೇಕು. ಸೀಟಿನ ಹಳಿ ಇರುವುದು ಇಬ್ಬರಿಗಾಗಿ.