ಎದುರಾಳಿಯ ವೇಗ ಎಷ್ಟಿರಬೇಕು?

ನಮ್ಮ ನೆರೆಯ ಮಾಂಟೆರೆಯ ಲಗುನಾ ಸೆಕಾ ರೇಸ್ ಟ್ರ್ಯಾಕ್ ‘ಗ್ರ್ಯಾನ್ ಟುರಿಸ್ಮೊ’ ಕಂಪ್ಯೂಟರ್ ಆಟದಲ್ಲೂ ಇದೆ. ಆ ಆಟಕ್ಕೆಂದು ಸೋನಿ ರೂಪಿಸಿದ ‘ಸೋಫಿ’ ಎಂಬ ಯಂತ್ರಚಾಲಕ 2021ರಲ್ಲಿ ನುರಿತ ಆಟಗಾರರನ್ನೇ ಸೋಲಿಸಿತು. 2023ರಲ್ಲಿ ಎಲ್ಲರಿಗೂ ಒದಗಿಸುವಾಗ ಮಾತ್ರ ಕಲಿಯುವವರಿಗೆ, ಪಳಗಿದವರಿಗೆ ಬೇರೆ ಬೇರೆ ಹಂತಗಳನ್ನಿಟ್ಟರು. ಎದುರಾಳಿ ತೀರಾ ಚುರುಕಾದರೆ ಆಟವೇ ಬೇಡವೆನಿಸುತ್ತದೆ. ತೀರಾ ನಿಧಾನವಾದರೆ ಗೆಲುವೂ ಸಪ್ಪೆ.

ಕನ್ನಡ ಕಲಿಕೆಯೂ ಹೀಗೆಯೇ. ಮಗು ಒಂದು ಪದಕ್ಕೆ ತಡವರಿಸಿದೊಡನೆ ನಾವೇ ಇಂಗ್ಲಿಷಿಗೆ ಜಾರುತ್ತೇವೆ. ಇದು ಎದುರಿನ ಕಾರನ್ನು ನಿಲ್ಲಿಸಿ ಮಗುವನ್ನು ಗೆಲ್ಲಿಸಿದಂತೆ. ಶಿಕ್ಷಕರಾದ ನಾವೂ ಈ ತಪ್ಪು ಮಾಡುತ್ತೇವೆ. ಪೋಷಕರೇ, ಆ ಪದ ಬರುವವರೆಗೆ ಸ್ವಲ್ಪ ಕಾಯೋಣ. ಮಕ್ಕಳೇ, ಆಟದಲ್ಲಿ ಎದುರಾಳಿ ನಿಮಗಿಂತ ಸ್ವಲ್ಪವೇ ಮುಂದಿರಲಿ. ಕನ್ನಡದ ಪಾಠವೂ ಹಾಗೆಯೇ ಇರಲಿ.